ಹಳೆಯ ಜೀಪು: ಮೊದಲು ಕಾಗದ, ಆಮೇಲೆ ಕಬ್ಬಿಣ, ಕೊನೆಗೆ ಎಂಜಿನ್

ಹಳೆಯ ಜೀಪು ನೋಡಲು ಹೋದವರು ಮೊದಲು ಮಾಡುವ ಕೆಲಸವೆಂದರೆ ಬಾನೆಟ್ ಎತ್ತಿಸಿ ಎಂಜಿನ್ ಸ್ಟಾರ್ಟ್ ಮಾಡಿಸುವುದು. ಹೊಗೆಯ ಬಣ್ಣ ನೋಡುತ್ತಾರೆ, ಸದ್ದಿಗೆ ಕಿವಿಗೊಡುತ್ತಾರೆ, ತೋಟದ ದಾರಿಯಲ್ಲಿ ಒಂದು ಸುತ್ತು ಓಡಿಸಿ, ಏರು ಹತ್ತಿತೆಂದರೆ ಮುಂಗಡ ಕೊಟ್ಟು ಬರುತ್ತಾರೆ. ಆರ್‌ಸಿಯ, ಅಂದರೆ ನೋಂದಣಿ ಪತ್ರದ, ಮಾತು ಬರುವುದು ಇಷ್ಟೆಲ್ಲ ಮುಗಿದ ಮೇಲೆ. ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಹತ್ತಾರು ಜೀಪುಗಳನ್ನು ನೋಡಿ, ಎರಡನ್ನು ಕೊಂಡು, ಒಂದನ್ನು ಪೂರ್ತಿ ಬಿಚ್ಚಿ ಮರುಜೋಡಿಸಿದ ಅನುಭವದಿಂದ ಹೇಳುವುದಾದರೆ, ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಕೆಟ್ಟ ಎಂಜಿನನ್ನು ಯಾವಾಗ ಬೇಕಾದರೂ ಸರಿಮಾಡಿಸಬಹುದು. ತುಕ್ಕು ತಿಂದ ಚೇಸಿಸ್ಸನ್ನು, ಅಂದರೆ ಗಾಡಿಯನ್ನು ಹೊತ್ತ ಕಬ್ಬಿಣದ ಚೌಕಟ್ಟನ್ನು, ಸರಿಮಾಡಿಸಲು ಹಣವೂ ತಿಂಗಳುಗಳೂ ಬೇಕು. ದಾಖಲೆಯೇ ಇಲ್ಲದ ಗಾಡಿಗೆ ದಾಖಲೆ ಹುಟ್ಟಿಸಿಕೊಡುವ ಗ್ಯಾರೇಜು ಎಲ್ಲಿಯೂ ಇಲ್ಲ.

ಕಾಸರಗೋಡಿನ ಒಳನಾಡಿಗೆ ಜೀಪು ಬಂದದ್ದು ಶೋಕಿಗಾಗಿ ಅಲ್ಲ. ಇಲ್ಲಿ ಮನೆ ಗುಡ್ಡೆಯ ಬದಿಯಲ್ಲಿ, ತೋಟ ತಗ್ಗಿನಲ್ಲಿ, ಡಾಮರು ರಸ್ತೆ ಎರಡರಿಂದಲೂ ದೂರದಲ್ಲಿ. ಮುರಕಲ್ಲು ಕಡಿದು ಮಾಡಿದ ದಾರಿಯಲ್ಲಿ ಗೊಬ್ಬರ, ಹಿಂಡಿ, ಅಡಿಕೆಯ ಗೋಣಿ, ಹೆರಿಗೆಗೆ ಹೊರಟ ಹೆಂಗಸರು, ಹೀಗೆ ಎಲ್ಲವನ್ನೂ ಸಾಗಿಸಿದ್ದು ಜೀಪು. ಬಸ್ಸು ಬಾರದ ಊರುಗಳಿಗೆ ಸರ್ವಿಸ್ ಜೀಪೇ ಬಸ್ಸಾಗಿತ್ತು. ಆ ಜೀಪುಗಳಲ್ಲಿ ಎಷ್ಟೋ ಈಗ ಹಟ್ಟಿಯ ಪಕ್ಕದ ಶೆಡ್ಡುಗಳಲ್ಲಿ ನಿಂತುಬಿಟ್ಟಿವೆ. ಕೊಳ್ಳುವವರು ಹುಡುಕಿಕೊಂಡು ಬರುವುದು ಇವುಗಳನ್ನೇ.

ಎದುರಿಗೆ ನಿಂತಿರುವುದು ಯಾವ ಗಾಡಿ ಎಂಬುದು ಮೊದಲು ತಿಳಿಯಬೇಕು, ಏಕೆಂದರೆ ಮಾರುವವರ ಬಾಯಲ್ಲಿ ಎಲ್ಲವೂ ‘ಮಿಲಿಟರಿ ಜೀಪು’. ಎರಡನೆಯ ಮಹಾಯುದ್ಧದ ಜೀಪಿನ ಮೊದಲ ಮಾದರಿಯನ್ನು 1940ರಲ್ಲಿ ಅಮೆರಿಕದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ತಯಾರಿಸಿತು. ಲಕ್ಷಗಟ್ಟಲೆ ತಯಾರಾದದ್ದು ಮಾತ್ರ ವಿಲ್ಲಿಸ್ ಕಂಪನಿಯ ಎಂಬಿ ಮತ್ತು ಅದೇ ನಕ್ಷೆಯಂತೆ ಫೋರ್ಡ್ ಮಾಡಿದ ಜಿಪಿಡಬ್ಲ್ಯು. 1941ರಿಂದ 1945ರವರೆಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿದವು. ಇವುಗಳಲ್ಲಿ ಒಳಗಿರುವುದು 2.2 ಲೀಟರಿನ, 60 ಅಶ್ವಶಕ್ತಿಯ, ‘ಗೋ ಡೆವಿಲ್’ ಎಂದು ಹೆಸರಾದ ಪೆಟ್ರೋಲ್ ಎಂಜಿನ್. ಯುದ್ಧದ ಜೀಪಿನ ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳುಗಳು, ಯುದ್ಧಾನಂತರದ ನಾಗರಿಕ ಜೀಪಿನಲ್ಲಿ ಏಳು ಎಂಬುದನ್ನು ಅನೇಕರು ಬಲ್ಲರು. ಆದರೆ ಜಾಲರಿ ನಾಲ್ಕಾರು ಬೋಲ್ಟು ಬಿಚ್ಚಿದರೆ ಬದಲಾಗುವ ತಗಡು. ಅದನ್ನೊಂದೇ ನಂಬಿ ಹಣ ಕೊಡಬಾರದು. ಯುದ್ಧದ ಜೀಪಿಗೆ ಹಿಂದೆ ತೆರೆಯುವ ಬಾಗಿಲಿಲ್ಲ. ಪೆಟ್ರೋಲ್ ತುಂಬುವುದು ಚಾಲಕನ ಸೀಟು ಎತ್ತಿ. ಹೆಡ್‌ಲೈಟನ್ನು ಹಿಂದಕ್ಕೆ ತಿರುಗಿಸಿ ರಾತ್ರಿಯಲ್ಲಿ ಎಂಜಿನ್ ರಿಪೇರಿಗೆ ಬೆಳಕು ಮಾಡಿಕೊಳ್ಳಬಹುದು. ವಿಲ್ಲಿಸ್ ಮತ್ತು ಫೋರ್ಡ್‌ಗಳ ವ್ಯತ್ಯಾಸ ಚೇಸಿಸ್ಸಿನಲ್ಲಿಯೇ ಇದೆ: ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ದುಂಡು ಕೊಳವೆ, ಫೋರ್ಡಿನಲ್ಲಿ ಕವುಚಿಹಾಕಿದ ಚಾನೆಲ್. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೆ ಕೂಡ ‘ಎಫ್’ ಅಕ್ಷರ ಒತ್ತುತ್ತಿತ್ತು.

ನಮ್ಮ ಕಡೆ ನಿಜವಾಗಿ ಸಿಗುವುದು ಹೆಚ್ಚಾಗಿ ಮಹೀಂದ್ರ. ಆ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಲು ಆರಂಭಿಸಿತು. ಮುಂದೆ ಬಂದ ಸಿಜೆ-3ಬಿ ಮಾದರಿಯೇ ‘ಹೈ ಬಾನೆಟ್’. 1953ರಲ್ಲಿ ವಿಲ್ಲಿಸ್ ರೂಪಿಸಿದ ಈ ಮಾದರಿಯ ಎಂಜಿನಿನಲ್ಲಿ ಒಳಗೆಳೆಯುವ ವಾಲ್ವುಗಳು ಬ್ಲಾಕಿನಿಂದ ಹೆಡ್ಡಿನ ಮೇಲಕ್ಕೆ ಬಂದವು; ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ಇದೇ ವಂಶ ನಮ್ಮ ದೇಶದಲ್ಲಿ ದಶಕಗಟ್ಟಲೆ ಮುಂದುವರಿದು, ಡೀಸೆಲ್ ಎಂಜಿನ್ ಪಡೆದು, ಎಂಎಂ 540ಯಂತಹ ಉದ್ದ ಗಾಡಿಗಳಾಗಿ ಬೆಳೆಯಿತು. ಇಷ್ಟು ದೀರ್ಘಕಾಲ ಒಂದೇ ಕುಟುಂಬದ ಗಾಡಿ ತಯಾರಾದುದರಿಂದಲೇ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಪಿನ್ನು), ಬೇರಿಂಗ್, ಗ್ಯಾಸ್ಕೆಟ್, ಸ್ಪ್ರಿಂಗ್ ಪ್ಲೇಟುಗಳು ಇಂದಿಗೂ ಸಿಗುತ್ತವೆ. ಅಪ್ಪಟ ವಿಲ್ಲಿಸ್‌ನ ಮೋಹ ದೊಡ್ಡದಾದರೂ, ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಸೂಚಿಸುವುದು ಮಹೀಂದ್ರವನ್ನೇ.

ಜೊಂಗಾ ಮತ್ತು ಜಿಪ್ಸಿಗಳ ಮಾತು ಬೇರೆ. ನಿಸ್ಸಾನ್ ಪಟ್ರೋಲ್ ಆಧಾರಿತ ಜೊಂಗಾ ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ಸೇನೆಗಾಗಿ ತಯಾರಾದ ಗಾಡಿ. ಆರು ಸಿಲಿಂಡರಿನ, ಸುಮಾರು 4 ಲೀಟರಿನ ಅದರ ಪೆಟ್ರೋಲ್ ಎಂಜಿನ್ ಕೇಳಲು ಬಲು ಚೆಂದ, ಸಾಕಲು ಬಲು ಕಷ್ಟ. ಬಿಡಿಭಾಗಗಳಿಗಾಗಿ ಊರೂರು ಅಲೆಯಬೇಕು. 1985ರ ಕೊನೆಗೆ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಹಗುರವಾದ ಗಾಡಿ. ಮೊದಲು 970 ಸಿಸಿ, 1996ರ ಅನಂತರ 1,300 ಸಿಸಿ ಎಂಜಿನ್. ಸೇನೆ ಇದನ್ನು ಬಹಳ ದೊಡ್ಡ ಸಂಖ್ಯೆಯಲ್ಲಿ ಬಳಸಿರುವುದರಿಂದ ಸೇನಾ ಹರಾಜಿನಲ್ಲಿ ಜಿಪ್ಸಿಗಳು ಬರುತ್ತಿರುತ್ತವೆ.

ಇನ್ನು ಕಾಗದ. ನಮ್ಮ ಗಡಿಯ ಚರಿತ್ರೆ ನಮ್ಮ ಗಾಡಿಗಳ ಕಾಗದದಲ್ಲಿಯೂ ಇದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಂದು ಕೇರಳಕ್ಕೆ ಸೇರಿ, 1957ರಿಂದ ಕಣ್ಣೂರು ಜಿಲ್ಲೆಯ ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಕೆಎಲ್-14 ಎಂಬ ನಂಬ್ರ ಸರಣಿ ಬಂದದ್ದು 1989ರ ಹೊಸ ಪದ್ಧತಿಯ ಬಳಿಕ. ಆದ್ದರಿಂದ ಇಲ್ಲಿಯೇ ಹುಟ್ಟಿ ಬೆಳೆದ ಜೀಪಿನ ಮೊದಲ ನೋಂದಣಿ ಬೇರೆ ಜಿಲ್ಲೆಯ ಕಚೇರಿಯಲ್ಲಿ ಆಗಿರಬಹುದು. ಹಳೆಯ ಪುಸ್ತಕರೂಪದ ಆರ್‌ಸಿ ಕೈಯಲ್ಲಿದ್ದರೂ ಅದರ ವಿವರ ‘ವಾಹನ್’ ಕಂಪ್ಯೂಟರ್ ದಾಖಲೆಗೆ ಏರದೆ ಉಳಿದಿದ್ದರೆ ಹೆಸರು ಬದಲಾವಣೆ ಮುಂದೆ ಸಾಗುವುದಿಲ್ಲ. ಮುಂಗಡ ಕೊಡುವ ಮೊದಲು ಮಾರುವವರನ್ನೇ ಜೊತೆಗೆ ಕರೆದುಕೊಂಡು ಆರ್‌ಟಿ ಕಚೇರಿಗೆ ಹೋಗಿ, ದಾಖಲೆ ಇದೆಯೇ, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ, ಸಾಲದ ನಮೂದು ತೆಗೆದಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಅತ್ಯಗತ್ಯ.

ಇಲ್ಲಿ ಪದೇ ಪದೇ ಎದುರಾಗುವ ತೊಡಕು ಒಂದಿದೆ. ಆರ್‌ಸಿ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಜೀಪು ಒಬ್ಬ ಮಗನ ಅಂಗಳದಲ್ಲಿರುತ್ತದೆ. ಉಳಿದ ಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ಅಂಗಳದಲ್ಲಿ ಇಟ್ಟುಕೊಂಡವರ ಸಹಿ ಮಾತ್ರ ಪಡೆದರೆ ಪ್ರಯೋಜನವಿಲ್ಲ. ವಾರಸುದಾರರ ದೃಢಪತ್ರ ಮತ್ತು ಇತರ ವಾರಸುದಾರರ ಒಪ್ಪಿಗೆಯೊಂದಿಗೆ, ಫಾರಂ 31ರ ಮೂಲಕ ಗಾಡಿ ಮೊದಲು ಅವರಲ್ಲಿ ಒಬ್ಬರ ಹೆಸರಿಗೆ ಬರಬೇಕು. ಅಲ್ಲಿಂದ ಫಾರಂ 29 ಮತ್ತು 30ರ ಮೂಲಕ ಕೊಳ್ಳುವವರ ಹೆಸರಿಗೆ. ಪುತ್ತೂರು, ಸುಳ್ಯ ಕಡೆಯಿಂದ ಕೆಎ-21ರ ಜೀಪು ತರುವುದಾದರೆ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕೇರಳದ ತೆರಿಗೆ ಕಟ್ಟಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇಟ್ಟುಕೊಂಡರೆ ಇಲ್ಲಿನ ನಂಬ್ರ ಪಡೆಯಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲಿನಲ್ಲಿ 5,000 ರೂಪಾಯಿಗೆ ಏರಿತು, ಆಮೇಲೆಯೂ ಪರಿಷ್ಕರಣೆಗಳಾಗಿವೆ. ಕಚೇರಿಗೆ ಹೋದ ದಿನವೇ ಅಂದಿನ ದರ ಕೇಳಿ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕಾಗದದಲ್ಲಿರುವ ನಂಬ್ರ ಕಬ್ಬಿಣದಲ್ಲಿಯೂ ಇದೆಯೇ ಎಂದು ನೋಡುವ ವಿಧಾನ ಸುಲಭ. ಚೇಸಿಸ್ ನಂಬ್ರದ ಮೇಲಿನ ಮಣ್ಣು, ಗ್ರೀಸು ಒರೆಸಿ, ತೆಳುವಾದ ಬಿಳಿ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಬೇಕು. ಆರ್‌ಟಿ ಕಚೇರಿ ಕೇಳುವ ಪೆನ್ಸಿಲ್ ಪ್ರಿಂಟ್ ಇದೇ. ಮೂಲದ ಒತ್ತಿನಲ್ಲಿ ಅಂಕಿಗಳ ಆಳವೂ ಅಂತರವೂ ಹೆಚ್ಚು ಕಡಿಮೆ ಒಂದೇ ಆಗಿರುತ್ತವೆ. ಒಂದು ಅಂಕಿ ಕುಣಿದಂತೆ ಕಂಡರೆ, ಸುತ್ತಲಿನ ಕಬ್ಬಿಣ ಗ್ರೈಂಡರ್ ಹಿಡಿದಂತೆ ನುಣುಪಾಗಿದ್ದರೆ, ಅಥವಾ ನಂಬ್ರವಿರುವ ತುಂಡಿನ ಅಂಚಿನಲ್ಲಿ ವೆಲ್ಡಿಂಗಿನ ಗೆರೆ ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ, ಆ ಗಾಡಿಯನ್ನು ಬಿಟ್ಟು ಬರಬೇಕು.

ಸೇನೆಯಿಂದ ವಿಲೇವಾರಿಯಾದ ಗಾಡಿಗಳಿಗೆ ಬೇರೆಯೇ ದಾಖಲೆ. ಸರಕಾರಿ ಸ್ವಾಮ್ಯದ ಎಂಎಸ್‌ಟಿಸಿ ನಡೆಸುವ ಆನ್‌ಲೈನ್ ಹರಾಜುಗಳಲ್ಲಿ ಇವು ‘ಇದ್ದಲ್ಲಿ ಇದ್ದ ಹಾಗೆ’ ಮಾರಾಟವಾಗುತ್ತವೆ. ನಾಗರಿಕ ನೋಂದಣಿಗೆ ಬೇಕಾದ ಮುಖ್ಯ ಕಾಗದವೆಂದರೆ ಸಂಬಂಧಪಟ್ಟ ಸೇನಾ ಅಧಿಕಾರಿಗಳು ಕೊಡುವ ಫಾರಂ 21ರ ಮೂಲ ಮಾರಾಟಪತ್ರ. ಹರಾಜಿನಲ್ಲಿ ಕೊಂಡವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಕೊಂಡು ನಿಮ್ಮ ಬಳಿಗೆ ಬರುವಾಗ ಉಳಿದಿರುವುದು ಅದರ ಜೆರಾಕ್ಸ್ ಮಾತ್ರವಾದರೆ, ಆ ಗಾಡಿಯನ್ನು ಬಿಡಿಭಾಗಗಳ ಬೆಲೆಗೆ ಮಾತ್ರ ಕೊಳ್ಳಬಹುದು. ಸೇನೆಯ ದೊಡ್ಡ ವರ್ಕ್‌ಶಾಪುಗಳಲ್ಲಿ ಒಂದು ಗಾಡಿಯ ಎಂಜಿನ್ ಇಳಿಸಿ ಓವರ್‌ಹಾಲ್ ಮಾಡಿ ಇನ್ನೊಂದಕ್ಕೆ ಕೂರಿಸುವುದು ರೂಢಿಯಾದ್ದರಿಂದ ಎಂಜಿನ್ ನಂಬ್ರ ಮೂಲದ್ದಲ್ಲದಿದ್ದರೆ ಗಾಬರಿ ಬೇಡ. ಮಾರಾಟಪತ್ರದಲ್ಲಿರುವ ನಂಬ್ರಕ್ಕೆ ಅದು ತಾಳೆಯಾದರೆ ಸಾಕು.

ಮಿಲಿಟರಿ ಜೀಪು ಎಂದೊಡನೆ ಎಲ್ಲರ ಮನಸ್ಸಿಗೆ ಬರುವ ಆಲಿವ್ ಹಸಿರು ಬಣ್ಣವನ್ನು ನಾವು ಬಳಿಯುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಬೇರೆ ಬಣ್ಣ ಬಳಿದರೂ ಆರ್‌ಸಿಯಲ್ಲಿ ಬದಲಾವಣೆ ನಮೂದಾಗಬೇಕು. ಕೆಲವರು ಮಹೀಂದ್ರಕ್ಕೆ ಒಂಬತ್ತು ಸೀಳಿನ ಜಾಲರಿ ಕೂರಿಸಿ, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಬರೆದು ಯುದ್ಧದ ಜೀಪು ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಾಗದ ಕೆಲಸ. ನಲವತ್ತು ವರ್ಷ ತೋಟದಲ್ಲಿ ದುಡಿದ ಗಾಡಿಗೆ ಅದರದೇ ಆದ ಬಾಳಿದೆ; ಹಿಂದಿನ ಬೆಂಚು, ಗೋಣಿ ಕಟ್ಟಲು ಬೆಸೆದ ಕೊಕ್ಕೆ, ಊರಿನ ಟಿಂಕರ್ ಮಾಡಿದ ಬಾಗಿಲು, ಇವುಗಳನ್ನು ಕಿತ್ತೆಸೆದು ಎಂದೂ ನೋಡದ ಯುದ್ಧದ ವೇಷ ಹಾಕುವುದು ಆ ಗಾಡಿಗೆ ಮಾಡುವ ಅನ್ಯಾಯ.

ಎಂಜಿನ್ ಬದಲಾವಣೆ ಇನ್ನೂ ದೊಡ್ಡ ತೊಡಕು. ಪೆಟ್ರೋಲಿನ ಬೆಲೆಗೆ ಹೆದರಿ ನಮ್ಮ ಹಿರಿಯರು ಎಷ್ಟೋ ಜೀಪುಗಳಿಗೆ ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಹಾಕಿಸಿದರು. ಆರ್‌ಸಿಯಲ್ಲಿ ಮಾತ್ರ ‘ಪೆಟ್ರೋಲ್’ ಎಂದೇ ಉಳಿಯಿತು. ತಯಾರಕರು ನಿಗದಿಪಡಿಸಿದ ಮೂಲ ರಚನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅಂತಹ ಜೀಪು ಕೊಂಡರೆ ಆರ್‌ಸಿಗೆ ತಕ್ಕ ಎಂಜಿನನ್ನು ಮರಳಿ ಕೂರಿಸುವ ವೆಚ್ಚವನ್ನೂ ಬೆಲೆಯಲ್ಲಿ ಕಳೆದೇ ಮಾತಾಡಬೇಕು.

ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ, ವಾಣಿಜ್ಯ ಬಳಕೆಯಲ್ಲಿಲ್ಲದ ಗಾಡಿಗಳಿಗೆ 2021ರ ಜುಲೈಯಿಂದ ‘ವಿಂಟೇಜ್’ ನೋಂದಣಿಯ ದಾರಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬ್ರದಲ್ಲಿ ‘ವಿಎ’ ಎಂಬ ಗುರುತು. ಆದರೆ ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂತಹ ಕಾರಣಗಳಿಗಲ್ಲದೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ತೋಟಕ್ಕೆ, ಪೇಟೆಗೆ ಓಡಿಸುವ ಆಸೆಯಿರುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.

ಕಾಗದ ಸರಿಯಿದೆಯೆಂದಾದರೆ ಮಾತ್ರ ಗಾಡಿಯ ಕೆಳಗೆ ಮಲಗಿ ನೋಡುವ ಕೆಲಸ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಪಶ್ಚಿಮಕ್ಕೆ ಉಪ್ಪುಗಾಳಿಯಿರುವ ಈ ಜಿಲ್ಲೆಯಲ್ಲಿ ಜೀಪಿನ ದೊಡ್ಡ ವೈರಿ ತುಕ್ಕು. ನಾನು ಮೊದಲು ಕೊಂಡ ಜೀಪಿಗೆ ಹೊಸ ಪೈಂಟಿತ್ತು, ಮುಖ ಕಾಣುವಷ್ಟು ಹೊಳಪಿತ್ತು. ಮನೆಗೆ ತಂದ ಮೇಲೆ ಚಾಲಕನ ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದೆ. ‘ಟಣ್’ ಎನ್ನಬೇಕಾದಲ್ಲಿ ಹಲಗೆಗೆ ತಟ್ಟಿದಂತಹ ಮಂದ ಸದ್ದು ಬಂತು. ಅಯಸ್ಕಾಂತ ಹಿಡಿದರೆ ಅಂಟಲಿಲ್ಲ. ಕೆರೆಯುತ್ತ ಹೋದಾಗ ಪೈಂಟಿನ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಫೈಬರ್ ಬಟ್ಟೆ, ಅದರ ಕೆಳಗೆ ಒದ್ದೆ ರಟ್ಟು, ಅದರ ಕೆಳಗೆ ನಮ್ಮ ಅಂಗಳದ ಮಣ್ಣು. ಅಂದಿನಿಂದ ಜೀಪು ನೋಡಲು ಹೋಗುವಾಗ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಕಾಲಡಿ, ಹಿಂದಿನ ಚಕ್ರದ ಮೇಲಿನ ಟೂಲ್ ಬಾಕ್ಸಿನ ತಳ, ಕನ್ನಡಿ ಚೌಕಟ್ಟಿನ ಕೆಳ ಅಂಚು, ಬಾಡಿಯನ್ನು ಚೇಸಿಸ್ಸಿಗೆ ಬಿಗಿಯುವ ಬೋಲ್ಟುಗಳ ಸುತ್ತ, ನೆಲದ ತಗಡಿಗೆ ಬಲ ಕೊಡುವ ಕೆಳಗಿನ ಚಾನೆಲುಗಳು: ನೀರು ನಿಲ್ಲುವ ಜಾಗಗಳು ಇವೇ. ಬಾಡಿಯ ತಗಡು ಹೋಗಿದ್ದರೆ ಹೊಸದನ್ನು ಬೆಸೆಯಬಹುದು. ಚೇಸಿಸ್ಸಿನ ಒಳಗೆ ಸುತ್ತಿಗೆಯಿಂದ ತಟ್ಟಿದಾಗ ತುಕ್ಕಿನ ಚಕ್ಕೆಗಳು ಹಿಡಿಗಟ್ಟಲೆ ಉದುರಿದರೆ, ಸ್ಪ್ರಿಂಗನ್ನು ಚೇಸಿಸ್ಸಿಗೆ ಹಿಡಿದಿಡುವ ಹ್ಯಾಂಗರಿನ ಬಳಿ ಬಿರುಕಿದ್ದರೆ, ಬೇರೆ ಜೀಪು ಹುಡುಕುವುದೇ ಲೇಸು.

ಫೋರ್ ವೀಲನ್ನು, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನಿನ ಶಕ್ತಿ ಕೊಡುವ ವ್ಯವಸ್ಥೆಯನ್ನು, ಪರೀಕ್ಷಿಸಲು ಅದು ಕೆಲಸ ಮಾಡುವ ಬಗೆ ತಿಳಿದಿರಬೇಕು. ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಎಂಜಿನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹೋಗುವ ಎರಡು ಶಾಫ್ಟುಗಳಿಗೆ ಹಂಚುತ್ತದೆ; ಒಂದು ಲಿವರ್ ಮುಂದಿನ ಚಕ್ರಗಳನ್ನು ಸೇರಿಸುತ್ತದೆ, ಇನ್ನೊಂದು ಲೋ ಗೇರಿಗೆ ಹಾಕುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ, ಆದರೆ ಹಳೆಯ ಜೀಪಿನಲ್ಲಿ ಎರಡು ಶಾಫ್ಟುಗಳನ್ನೂ ಒಂದೇ ವೇಗಕ್ಕೆ ಬಿಗಿದಿರುತ್ತದೆ. ಕೆಸರಿನಲ್ಲಿ ಚಕ್ರ ತುಸು ಜಾರಿ ಈ ವ್ಯತ್ಯಾಸ ಕರಗಿಹೋಗುತ್ತದೆ. ಡಾಮರಿನ ಮೇಲೆ ಜಾರಲು ಆಗದೆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ, ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಪರೀಕ್ಷಿಸಬಾರದು, ಮಣ್ಣಿನ ಏರಿನಲ್ಲಿ ಪರೀಕ್ಷಿಸಬೇಕು. ಏರಿನಲ್ಲಿ ಎಕ್ಸಿಲರೇಟರ್ ಬಿಟ್ಟು ಒತ್ತುವಾಗ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಕೇಸಿನ ಒಳಗೆ ಸವಕಳಿಯಿದೆಯೆಂದು ಅರ್ಥ.

ಬೇರೆ ಬೇರೆ ಗಾಡಿಗಳ ಭಾಗ ಕೂಡಿಸಿ ಕಟ್ಟಿದ ಜೀಪುಗಳಲ್ಲಿ ಅಡಗಿರುವ ಇನ್ನೊಂದು ದೋಷವೆಂದರೆ ಹಿಂದಿನ ಹೌಸಿಂಗಿನ (ಎರಡು ಚಕ್ರಗಳ ನಡುವಿನ ಆಕ್ಸಲ್ ಪೆಟ್ಟಿಗೆಯ) ಕ್ರೌನ್ ಪಿನಿಯನ್, ಅಂದರೆ ಶಾಫ್ಟಿನ ತಿರುಗನ್ನು ಚಕ್ರಕ್ಕೆ ಕೊಡುವ ಹಲ್ಲುಚಕ್ರದ ಜೋಡಿ, ಒಂದು ಅನುಪಾತದ್ದು, ಮುಂದಿನದು ಇನ್ನೊಂದರದ್ದು ಆಗಿರುವುದು. ಟೂ ವೀಲಿನಲ್ಲಿ ಓಡಿಸುವಾಗ ಇದು ಗೊತ್ತಾಗದು. ಫೋರ್ ವೀಲ್ ಹಾಕಿದೊಡನೆ ಗೇರುಗಳು ಪರಸ್ಪರ ತಿನ್ನಲು ತೊಡಗುತ್ತವೆ. ಪತ್ತೆಹಚ್ಚುವ ಕ್ರಮ ಹೀಗೆ: ಗಾಡಿಗೆ ಚೆನ್ನಾಗಿ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಒಂದು ಬದಿಯ ಹಿಂದಿನ ಚಕ್ರವನ್ನು ಮಾತ್ರ ಜಾಕಿಯಲ್ಲಿ ಎತ್ತಿ, ಚಕ್ರಕ್ಕೂ ಶಾಫ್ಟಿಗೂ ಚಾಕ್‌ಪೀಸಿನ ಗುರುತು ಹಾಕಿ, ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಸಿಜೆ-3ಬಿಯ ಅನುಪಾತ 5.38 ಆದ್ದರಿಂದ ಶಾಫ್ಟು ಐದು ಸುತ್ತು ತಿರುಗಿ, ಮೇಲೆ ಮೂರನೆಯ ಒಂದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಮುಂದಿನ ಚಕ್ರದಲ್ಲಿಯೂ ಇದೇ ಲೆಕ್ಕ ಬರಬೇಕು. ಚಕ್ರ ಎತ್ತಿರುವಾಗಲೇ ಅದರ ಮೇಲೂ ಕೆಳಗೂ ಕೈಯಿಟ್ಟು ಅಲುಗಿಸಿ ಕಿಂಗ್ ಪಿನ್ ಮತ್ತು ವೀಲ್ ಬೇರಿಂಗಿನ ಸಡಿಲವನ್ನೂ ನೋಡಿಕೊಳ್ಳಬಹುದು.

ಬ್ರೇಕು ನಾಲ್ಕೂ ಡ್ರಮ್, ಎಲ್ಲಕ್ಕೂ ಒಂದೇ ಲೈನು. ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಹಳೆಯ ಜೀಪು ಮನೆಗೆ ಬಂದ ವಾರದಲ್ಲಿಯೇ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಹೋಸು ಎಲ್ಲವನ್ನೂ ಬದಲಿಸುವುದು ಕಡ್ಡಾಯವೆಂದು ತಿಳಿಯಬೇಕು. ಹಳೆಯ ಬ್ರೇಕ್ ಲೈನರಿನ ಧೂಳಿನಲ್ಲಿ ಉಸಿರಿಗೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುವುದರಿಂದ ಗಾಳಿ ಹೊಡೆದು ಹಾರಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಎಂಜಿನಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರುಗಳ ಒತ್ತಡ ಹೆಚ್ಚು ಕಡಿಮೆ ಒಂದೇ ಇದೆಯೇ ಎಂದು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದ್ದು, ಅದು ಹಳೆಯ ರಬ್ಬರ್ ಪೈಪು, ಎಂಜಿನಿಗೆ ಪೆಟ್ರೋಲ್ ಒದಗಿಸುವ ಪಂಪಿನ ಡಯಾಫ್ರಾಮುಗಳನ್ನು ಮೆತ್ತಗೆ ಮಾಡುತ್ತದೆ, ತೇವವನ್ನೂ ಹೀರುತ್ತದೆ. ಎಥನಾಲ್ ತಡೆಯುವ ಪೈಪು ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಕಾರ್ಬ್ಯುರೇಟರ್ ಖಾಲಿಮಾಡಿ ಇಡಬೇಕು.

ಮರುಜೋಡಣೆಯ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಬಿಚ್ಚುವಾಗ. ಪ್ರತಿ ಭಾಗದ ಫೋಟೋ ತೆಗೆದು, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸದೆ ಹೋದರೆ ಆರು ತಿಂಗಳ ಬಳಿಕ ಯಾವುದು ಎಲ್ಲಿಯದೆಂದು ಬಿಚ್ಚಿದವರಿಗೂ ಗೊತ್ತಾಗದು. ಚೇಸಿಸ್ ಬರಿದಾದ ಮೇಲೆ ಅದು ನೇರವಾಗಿದೆಯೇ ಎಂದು ನೋಡಲು ದೊಡ್ಡ ಯಂತ್ರ ಬೇಕಿಲ್ಲ. ನಾನು ಮೇಸ್ತ್ರಿಯೊಬ್ಬರ ತೂಗುಗುಂಡು ತಂದು, ಸ್ಪ್ರಿಂಗ್ ಹ್ಯಾಂಗರುಗಳ ನಾಲ್ಕು ತೂತುಗಳಿಂದ ಇಳಿಬಿಟ್ಟು, ಗುಂಡು ತೋರಿಸಿದ ಬಿಂದುಗಳನ್ನು ಸಿಮೆಂಟು ನೆಲದ ಮೇಲೆ ಗುರುತಿಸಿ, ಮೂಲೆಯಿಂದ ಮೂಲೆಗೆ ಅಳೆದೆ. ಎರಡು ಅಳತೆಗಳು ತಾಳೆಯಾಗದಿದ್ದರೆ ಚೇಸಿಸ್ ಓರೆಯಾಗಿದೆ ಎಂದರ್ಥ. ನನ್ನದರಲ್ಲಿ ಅರ್ಧ ಇಂಚು ವ್ಯತ್ಯಾಸವಿತ್ತು. ಜೀಪು ಎಡಕ್ಕೆ ಎಳೆಯುತ್ತಿದ್ದುದರ ಕಾರಣ ಆಗ ತಿಳಿಯಿತು.

ತಗಡಿನ ಕೆಲಸದಲ್ಲಿ ಕೊಳೆತ ಭಾಗವನ್ನು ಒಳ್ಳೆಯ ಕಬ್ಬಿಣ ಸಿಗುವವರೆಗೂ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ತುಕ್ಕಿನ ಮೇಲೆಯೇ ಹೊಸ ತಗಡು ಹೊದೆಸಿದರೆ ನಡುವೆ ನೀರು ನಿಂತು ಎರಡೂ ಹೋಗುತ್ತವೆ. ಪೈಂಟಿನ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ತೇವದ ಗಾಳಿಯಲ್ಲಿ ಮರಳು ಹೊಡೆದು ಬಿಳಿಯಾಗಿಸಿದ ಕಬ್ಬಿಣ ಸಂಜೆಯೊಳಗೆ ಕೆಂಪಾಗುತ್ತದೆ. ಬೆಳಗ್ಗೆ ಮರಳು ಹೊಡೆಸಿದರೆ ಅಂದೇ ಪ್ರೈಮರ್ ಬಳಿದಾಗಬೇಕು. ತುಕ್ಕು ತಡೆಯಲು ಗಾಡಿಯ ಅಡಿಗೆ ಎಂಜಿನಿನ ಕರಿ ಆಯಿಲ್ ಹೊಡೆಯುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಬೇಕು. ಅದು ರಬ್ಬರ್ ಬುಷ್ಷುಗಳನ್ನು ಹಾಳುಮಾಡುತ್ತದೆ. ಆಟಿ ತಿಂಗಳ ಜೋರು ಮಳೆಗೆ ತೊಳೆದುಹೋಗಿ ನಾವು ನೀರು ಕುಡಿಯುವ ಬಾವಿಗೂ, ನೀರಿಗಾಗಿ ಗುಡ್ಡೆ ಕೊರೆದ ಸುರಂಗಕ್ಕೂ ಇಳಿಯುತ್ತದೆ. ಪೆಟ್ಟಿಗೆಯಂತಿರುವ ಭಾಗಗಳ ಒಳಗೆ ಮೇಣದ ಲೇಪ ಹೊಡೆಸಿ, ನೀರು ಇಳಿಯುವ ತೂತುಗಳನ್ನು ತೆರೆದಿಟ್ಟರೆ ಸಾಕು.

ಎಲ್ಲ ಜೋಡಿಸಿದ ಮೇಲೆ ಮೊದಲ ನೂರು ಕಿಲೋಮೀಟರ್ ಓಡಿಸಿ ಬಂದು, ಹೌಸಿಂಗಿನ ಆಯಿಲ್ ಸೋರಿಕೆ, ಸ್ಪ್ರಿಂಗಿನ ಯು ಬೋಲ್ಟು, ಚಕ್ರದ ನಟ್ಟು ಇವುಗಳನ್ನು ಮತ್ತೊಮ್ಮೆ ನೋಡಿ ಬಿಗಿಗೊಳಿಸಬೇಕು. ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟುಗಳಿಗೆ ಎಡ ತ್ರೆಡ್ಡು ಇರುತ್ತದೆ. ಸಾಮಾನ್ಯವಾಗಿ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಅವು ಬಿಚ್ಚಿಕೊಳ್ಳುತ್ತವೆ, ಬಿಚ್ಚಲೆಂದು ಪೈಪು ಸೇರಿಸಿ ಎಳೆದರೆ ಬೋಲ್ಟೇ ತುಂಡಾಗುತ್ತದೆ. ಸ್ಪ್ಯಾನರ್ ಹಾಕುವ ಮೊದಲು ಬೋಲ್ಟಿನ ತುದಿಯನ್ನು ಒರೆಸಿ ‘ಎಲ್’ ಎಂಬ ಅಕ್ಷರವಿದೆಯೇ ಎಂದು ನೋಡಿ, ಅಕ್ಷರ ಅಳಿಸಿಹೋಗಿದ್ದರೆ ತ್ರೆಡ್ಡು ಯಾವ ಕಡೆಗೆ ಓರೆಯಾಗಿದೆಯೆಂದು ಗಮನಿಸಿ, ಆ ಬಳಿಕವೇ ಕೈಹಾಕಬೇಕು.